ಬೊಂತೆಯ ನಡುವಿನ ತುಂಡು

ಬೊಂತೆಗೆ ನಡು ಎಂಬುದು ಒಂದೇ ಇರುತ್ತದೆ. ಲೋಕದ ಎಷ್ಟೋ ದೊಡ್ಡ ಸಂಗತಿಗಳ ಬಗ್ಗೆ ಕಮಿಷನ್ನುಗಳು ಕೂತು ಎದ್ದಿವೆ, ವರದಿಗಳು ಬಂದು ಗೆದ್ದಲು ಹಿಡಿದಿವೆ. ಆದರೆ ಹಳೇ ಬಟ್ಟೆಯ ಬೊಂತೆಗೆ ಒಂದಕ್ಕಿಂತ ಹೆಚ್ಚು ನಡು ಇರಲಾರದು ಎಂಬ ಈ ಮುಖ್ಯ ವಿಷಯವನ್ನು ಯಾರೂ ಗಂಭೀರವಾಗಿ ಆಲೋಚಿಸಿದಂತಿಲ್ಲ. ಆಲೋಚಿಸಿದ್ದರೆ ಮುಳಬಾಗಿಲಿನ ಗುಮಾಸ್ತ ಕೋದಂಡರಾಮಪ್ಪ ಆ ಗುರುವಾರ ಪಟ್ಟ ಪಾಡು ತಪ್ಪುತ್ತಿತ್ತು.

ಕೋದಂಡರಾಮಪ್ಪನ ಮನೆತನದಲ್ಲಿ ಒಂದು ಪದ್ಧತಿ. ಬಾಣಂತನ ಮುಗಿಸಿಕೊಂಡು ಸೊಸೆ ಚೊಚ್ಚಿಲ ಮಗುವಿನೊಂದಿಗೆ ಗಂಡನ ಮನೆಗೆ ಬಂದ ದಿನ, ಮಗುವನ್ನು ತೊಟ್ಟಿಲಿಗೆ ಹಾಕುವಾಗ ಅಡಿಗೆ ಹೊಸ ಬಟ್ಟೆ ಹಾಸುವಂತಿಲ್ಲ. ಬಾಳಿ ಬದುಕಿದವರು ಉಟ್ಟು, ಒಗೆದು, ಮೆತ್ತಗೆ ಮಾಡಿದ ಬಟ್ಟೆಯ ತುಂಡುಗಳನ್ನು ಬೇಡಿ ತಂದು ಹೊಲಿಸಿದ ಬೊಂತೆಯನ್ನೇ ಹಾಸಬೇಕು. ಅಂಚಿನಲ್ಲಿ ಯಾರದಿದ್ದರೂ ನಡೆಯುತ್ತದೆ. ಆದರೆ ನಡುವಿನ ತುಂಡು ಯಾರ ಬಟ್ಟೆಯದೋ ಮಗುವಿಗೆ ಅವರ ಗುಣವೇ ಬರುತ್ತದೆ. ಕೋದಂಡರಾಮಪ್ಪನ ಬೊಂತೆಯ ನಡುವಿನಲ್ಲಿ ಅವನ ಸೋದರಮಾವನ ಪಂಚೆ ಇತ್ತಂತೆ. ಆ ಸೋದರಮಾವ ಜೀವಮಾನದಲ್ಲಿ ಯಾರಿಗೂ ‘ಆಗಲ್ಲ’ ಅಂದವನಲ್ಲ. ಸಾಯುವ ಹೊತ್ತಿಗೆ ಉಟ್ಟ ಪಂಚೆಯೂ ಅವನದಾಗಿರಲಿಲ್ಲ.

ಕೋದಂಡರಾಮಪ್ಪನೂ ‘ಆಗಲ್ಲ’ ಅನ್ನುತ್ತಿರಲಿಲ್ಲ. ಯಾರು ಏನು ಕೇಳಿದರೂ ಅವನ ತಲೆ ಗಾಳಿಗೆ ಸಿಕ್ಕ ರಾಗಿತೆನೆಯ ಹಾಗೆ ತಾನಾಗಿಯೇ ಒಮ್ಮೆ ಆಡಿಬಿಡುತ್ತಿತ್ತು. ತಾನು ಯಾವುದಕ್ಕೆ ಒಪ್ಪಿಕೊಂಡೆ ಎಂಬುದು ಅವನಿಗೆ ನಿಧಾನವಾಗಿ ಆಮೇಲೆ ತಿಳಿಯುತ್ತಿತ್ತು.

ಬೊಂತೆಯ ಮಾತು ಬಂದಾಗ ಅವನ ತಾಯಿ ದೊಡ್ಡಮುನಿಯಮ್ಮ ಕೇಳಿದ್ದಳು: “ಏನ್ಲಾ ರಾಮ, ನಡೂಕೆ ನನ್ನ ಚೆಂಗಾವಿ ಸೀರೇದು ತಾನೇ?” ತಲೆ ಆಡಿತು.

ಹೆಂಡತಿಯ ತವರು ರಾಯಲ್ಪಾಡಿನಲ್ಲಿ ಅತ್ತೆ ವೆಂಕಟರತ್ನಮ್ಮ ಅಳಿಯನೊಡನೆ ನೇರವಾಗಿ ಮಾತಾಡುವ ಹೆಂಗಸಲ್ಲ. ಮಡಿಲಲ್ಲಿದ್ದ ಮೊಮ್ಮಗಳ ಮೂಲಕ ಹೇಳಿಸಿದಳು: “ಪುಟ್ಟೀ, ನಿಮ್ಮ ನಾಯ್ನಂಗೆ ಹೇಳಮ್ಮಾ, ನಡೂಕೆ ಅಮ್ಮಮ್ಮ ನೀಲಿ ಸೀರೆ ಕೊಟ್ಟವಳೆ, ಅದೇ ಹಾಕ್ಸಬೇಕು ಅಂತ.” ಮಗು ‘ಊಂ’ ಅಂದಿತು. ತಲೆ ಆಡಿತು.

ಮೂರನೆಯವಳು ಮನೆ ಯಜಮಾನಿ ಗಂಗರತ್ನಮ್ಮ. ವಠಾರ ಅವಳದು, ವಠಾರದ ಬಾವಿ ಅವಳದು, ಬಾವಿಯ ಹಗ್ಗ ರಾತ್ರಿ ಅವಳ ಮನೆಯೊಳಗೇ ಮಲಗುತ್ತಿತ್ತು. ಮಕ್ಕಳಿಲ್ಲದ ಹೆಂಗಸು. “ರಾಮಪ್ಪಾ, ಈ ಮನೇಲಿ ಹುಟ್ಟಿ ಬೆಳೆಯೋಕೆ ನಂಗೇನು ಮಕ್ಕಳಾ ಮರಿಯಾ. ನಿನ್ನ ಮಗಳ ಬೊಂತೇಲಾದ್ರೂ ನಡೂಕೆ ನನ್ನದೊಂದು ತುಂಡು ಇರ್ಲಪ್ಪ,” ಎಂದಿದ್ದಳು. ಹಾಗೆನ್ನುವಾಗ ಅವಳ ಕಣ್ಣಲ್ಲಿ ನೀರಿತ್ತು, ಕೈಯಲ್ಲಿ ಬಾವಿಯ ಹಗ್ಗವಿತ್ತು. ಎರಡರಲ್ಲಿ ಯಾವುದಕ್ಕೆ ಎಂದು ಹೇಳುವುದು ಕಷ್ಟ, ತಲೆ ಮಾತ್ರ ಆಡಿತು.

ಬೊಂತೆ ಹೊಲಿಯುತ್ತಿದ್ದವಳು ಪಕ್ಕದ ಓಣಿಯ ಹಜೀರಾ. ಅವಳ ಕೆಲಸವೇ ಬೇರೆ ತರಹ. ಊರಿನ ಹಳೇ ಲಗ್ನಪತ್ರಿಕೆಗಳನ್ನು ಆರು ಮೂಲೆಯ ರಟ್ಟುಗಳಾಗಿ ಕತ್ತರಿಸಿ, ಒಂದೊಂದಕ್ಕೂ ಬಟ್ಟೆ ಸುತ್ತಿ ದೊಡ್ಡ ಟಾಕಿ ಹಾಕಿಕೊಂಡು, ಆಮೇಲೆ ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಿದ್ದಳು. ಹೊಲಿದಾದ ಮೇಲೆ ರಟ್ಟು ಎಳೆದು ತೆಗೆದರೆ ಜೇನುಗೂಡಿನ ಹಾಗೆ ಮೂಲೆ ಮೂಲೆಗೆ ಕೂತಿರುತ್ತಿತ್ತು. ಅವಳು ಸುತ್ತಿನಿಂದ ಒಳಕ್ಕೆ ಹೊಲಿದುಕೊಂಡು ಬರುವವಳು. ನಡು ಯಾವತ್ತೂ ಕೊನೆಗೆ.

ಸಂಜೆಯ ಬಸ್ಸಿಗೆ ಹೆಂಡತಿ ಮಗುವಿನೊಂದಿಗೆ ಬರುವವಳಿದ್ದ ಆ ಗುರುವಾರ ಬೆಳಿಗ್ಗೆ ಕೋದಂಡರಾಮಪ್ಪ ಹೋಗಿ ನೋಡಿದರೆ ಬೊಂತೆ ಚಾಪೆಯ ಮೇಲೆ ಮೈ ಚಾಚಿತ್ತು. ನಡುವೆ ಅಂಗೈಯಗಲ ಖಾಲಿ. ಅದು ತನ್ನನ್ನೇ ನೋಡುತ್ತಿದೆ ಎಂದು ಅವನಿಗೆ ಅನ್ನಿಸಿತು.

“ಬನ್ನಿ ಅಣ್ಣಾ,” ಎಂದಳು ಹಜೀರಾ, ಬಾಯಲ್ಲಿದ್ದ ದಾರ ಕಚ್ಚಿ. “ಎಲ್ಲಾ ಆಯ್ತು, ನಡು ಒಂದು ಬಾಕಿ. ಅದಕ್ಕೆ ಮೂರು ಮನೆಯಿಂದ ಮೂರು ತುಂಡು ಬಂದೈತೆ. ಮೂವರೂ ‘ರಾಮಪ್ಪ ಒಪ್ಪವ್ನೆ’ ಅಂತಾರೆ. ನಾನು ಯಾವ್ದು ಹಾಕ್ಲಿ?”

“ಮೂರನ್ನೂ ಚೂರು ಚೂರು ಹಾಕೋಕಾಗಲ್ವಾ ಹಜೀರಮ್ಮ?”

“ಯಾಕಾಗಲ್ಲ? ಹಾಕ್ತೀನಿ. ಮಗೂಗೆ ಮೂವರ ಗುಣಾನೂ ಬರ್ತೈತೆ. ಸಾಕೋರು ನೀವು ತಾನೇ?”

ದೊಡ್ಡಮುನಿಯಮ್ಮ, ವೆಂಕಟರತ್ನಮ್ಮ, ಗಂಗರತ್ನಮ್ಮ ಮೂವರೂ ಒಂದೇ ಲಂಗ ತೊಟ್ಟು ತನ್ನ ಮನೆಯಲ್ಲಿ ಓಡಾಡುವುದನ್ನು ಕೋದಂಡರಾಮಪ್ಪ ಒಂದು ಕ್ಷಣ ಕಲ್ಪಿಸಿಕೊಂಡ. “ಅಮ್ಮಂದು ಹಾಕ್ಬಿಡಿ,” ಎಂದು ಹೊರಬಿದ್ದ.

ವಠಾರದ ಬಾಗಿಲಲ್ಲೇ ಗಂಗರತ್ನಮ್ಮ ನಿಂತಿದ್ದಳು. “ಹಜೀರಾ ಹತ್ರ ಹೋಗಿದ್ಯಾ? ನನ್ನದು ಹಾಕ್ತಾವ್ಳೆ ತಾನೇ?” ತಲೆ ಆಡಿತು. ಆಡಿದ ತಲೆಯನ್ನು ಹೊತ್ತುಕೊಂಡು ಅವನು ಹಿಂದಕ್ಕೆ ಓಡಿದ.

ಚೆಂಗಾವಿ ತುಂಡು ಮೂರು ಪಕ್ಕ ಹೊಲಿದಾಗಿತ್ತು. ಹಜೀರಾ ಅದನ್ನು ಬಿಚ್ಚಿ, ಗಂಗರತ್ನಮ್ಮನ ನೇರಳೆ ಸೀರೆಯ ತುಂಡನ್ನು ರಟ್ಟಿಗೆ ಸುತ್ತಿದಳು. ಅವನು ಮನೆಗೆ ಬಂದು ತಟ್ಟೆಯ ಮುಂದೆ ಕೂತ. ದೊಡ್ಡಮುನಿಯಮ್ಮ ಉಪ್ಪಿಟ್ಟು ಬಡಿಸುತ್ತ, “ಮೂಲೆ ಮೂಲೆಗೂ ನನ್ನದು ನೀಟಾಗಿ ಕೂತದಾ ಮಗಾ?” ಅಂದಳು. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು.

“ಅಣ್ಣಾ,” ಎಂದಳು ಹಜೀರಾ ಅವನು ಮತ್ತೆ ಬಾಗಿಲಲ್ಲಿ ಕಾಣಿಸಿಕೊಂಡಾಗ. “ಇದು ಬೊಂತೆ. ಬಸ್ಸಿನ ಸೀಟಲ್ಲ, ಒಬ್ಬರನ್ನ ಎಬ್ಬಿಸಿ ಒಬ್ಬರನ್ನ ಕೂರ್ಸೋಕೆ. ಬಟ್ಟೆ ಪಿಸೀತೈತೆ. ಆಫೀಸಿಗೆ ಹೋಗಿ ಯೋಚನೆ ಮಾಡ್ಕೊಂಡು ಬನ್ನಿ. ಅಲ್ಲಿ ಟೈಮಿರ್ತೈತೆ.”

ಅಲ್ಲಿ ನಿಜಕ್ಕೂ ಟೈಮಿತ್ತು. ಪಕ್ಕದ ಮೇಜಿನ ಅಶ್ವತ್ಥಪ್ಪನಿಗೆ ಅದು ಇನ್ನೂ ಹೆಚ್ಚಾಗಿತ್ತು. ಬೇರೆಯವರ ಸಂಸಾರದ ವಿಷಯದಲ್ಲಿ ಅವನ ಬುದ್ಧಿ ಕತ್ತಿಯ ಹಾಗೆ ಓಡುತ್ತಿತ್ತು. ಕತೆಯನ್ನೆಲ್ಲ ಕೇಳಿ, ನಶ್ಯ ಏರಿಸಿ, ಸೀನಿ, ಕರವಸ್ತ್ರ ಮಡಚಿಟ್ಟುಕೊಂಡು ಅವನು ತೀರ್ಪು ಕೊಟ್ಟ.

“ಮೂವರದೂ ಬೇಡ ಕಣೋ. ಯಾರದೂ ಅಲ್ಲದ ಬಟ್ಟೆ ಹಾಕ್ಸು. ಗೋಮಾಳ ಇದ್ದಂಗೆ. ನಂದು ಅಂತ ಯಾರೂ ಅನ್ನಂಗಿಲ್ಲ.”

“ಜಗಳ ಜಾಸ್ತಿ ಬರೋದೇ ಗೋಮಾಳದ ಮೇಲಲ್ವಾ?”

“ಅದು ಆಮೇಲೆ ಬರೋದು. ಇವತ್ತು ಸಂಜೆ ಕಳೀಲಿ.”

“ಮತ್ತೆ ಮಗೂಗೆ ಯಾರ ಗುಣ ಬರುತ್ತೆ?”

ಅಶ್ವತ್ಥಪ್ಪ ಈ ಕೋನದಿಂದ ಯೋಚಿಸಿರಲಿಲ್ಲ. “ಅದರದ್ದೇ ಬರುತ್ತೆ ಬಿಡು,” ಎಂದ.

ಆ ಮಾತು ಕೋದಂಡರಾಮಪ್ಪನ ಮನಸ್ಸಿಗೆ ತಂಪಾಗಿ ಇಳಿಯಿತು. ಮಧ್ಯಾಹ್ನಕ್ಕೆ ರಜೆ ಬರೆದುಕೊಟ್ಟು ನೇರವಾಗಿ ಬಸ್‌ಸ್ಟ್ಯಾಂಡ್ ಪಕ್ಕದ ದರ್ಜಿ ಮುನಿಯಲ್ಲಪ್ಪನ ಅಂಗಡಿಗೆ ಹೋದ.

ಮುನಿಯಲ್ಲಪ್ಪನ ಮೆಷಿನ್ನಿನ ಕೆಳಗೆ ಒಂದು ಗೋಣಿಚೀಲ. ಕತ್ತರಿಸಿ ಉಳಿದದ್ದೆಲ್ಲ ಅದರ ಹೊಟ್ಟೆಗೆ. ಅದರೊಳಗೆ ಮೊಣಕೈವರೆಗೂ ಕೈಯಿಳಿಸಿ ಅವನು ಒಂದೊಂದೇ ಹೊರಗೆಳೆದ. ಖಾಕಿ ಬಂತು, ಮಗು ಕಂಡಕ್ಟರಾದರೆ ಎಂದು ಕೋದಂಡರಾಮಪ್ಪ ಬೇಡವೆಂದ. ಟೆರಿಕಾಟಿನ ಪಟ್ಟೆ ಬಂತು, ಚುಚ್ಚುತ್ತದೆ. ಕೊನೆಗೆ ಹೊರಬಂದದ್ದು ಗಿಳಿಹಸಿರಿನ ತುಂಡು, ಮೈತುಂಬ ಸಾಸಿವೆಕಾಳಿನಂಥ ಹಳದಿ ಚುಕ್ಕೆ. ನೋಡಿದರೆ ತೊಟ್ಟಿಲೇ ನಗಬೇಕು, ಹಾಗಿತ್ತು.

“ಇದು ಯಾರದು ಮುನಿಯಲ್ಲಪ್ಪ?”

“ಯಾರದೂ ಅಲ್ಲ ಸಾರ್. ಮಿಕ್ಕಿದ್ದು.”

“ಯಾರದ್ದರಲ್ಲಿ ಮಿಕ್ಕಿದ್ದು?”

“ಮಿಕ್ಕಿದ್ದಕ್ಕೆಲ್ಲ ಯಜಮಾನ್ರು ಇರ್ತಾರಾ ಸಾರ್?” ಮುನಿಯಲ್ಲಪ್ಪ ದೃಷ್ಟಿಯನ್ನು ಸೂಜಿಯ ಕಣ್ಣಿನ ಕಡೆ ತಿರುಗಿಸಿದ. “ಮಗೂಗೆ ಅಂತೀರ, ತಗೊಂಡ್ಹೋಗಿ. ಸಂಜೆ ಬಂದು ಹರಸ್ತೀನಿ.”

ಯಾರದೂ ಅಲ್ಲದ ಬಟ್ಟೆ! ಕೋದಂಡರಾಮಪ್ಪ ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು, ಪಟ್ಟಾ ಸಿಕ್ಕ ರೈತನ ಹಾಗೆ ನಡೆದ.

ಹಜೀರಾ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿದಳು. “ಬಣ್ಣ ಚೆನ್ನಾಗೈತೆ. ಆದ್ರೆ ಇದರ ಗಂಜೀನೇ ಇನ್ನೂ ಹೋಗಿಲ್ಲ ಅಣ್ಣಾ. ಹೊಸ ಬಟ್ಟೆ. ನಿಮ್ಮಲ್ಲಿ ಹೊಸದು ಹಾಕಲ್ಲ ಅಂತೀರಲ್ಲ?”

“ಹಳೇದು ಮಾಡ್ಕೊಂಡು ಬರ್ತೀನಿ.”

“ಎಷ್ಟು ವರ್ಷಕ್ಕೆ ಬರ್ತೀರಾ?”

ಅವನು ಬಟ್ಟೆ ಎತ್ತಿಕೊಂಡು ವಠಾರಕ್ಕೆ ಓಡಿದ. ರಾಯಲ್ಪಾಡಿನ ಬಸ್ಸು ಬರುವ ಹೊತ್ತಾಗುತ್ತಿತ್ತು.

ವಠಾರದ ಒಗೆಯುವ ಕಲ್ಲಿನ ಮೇಲೆ ಅಂಗೈಯಗಲದ ಬಟ್ಟೆಯನ್ನು ಒಗೆಯುವುದು ಹೇಳಿದಷ್ಟು ಸುಲಭವಲ್ಲ. ಎತ್ತಿ ಬಡಿಯಹೋದರೆ ಬಟ್ಟೆ ಸಿಗುವುದಿಲ್ಲ, ಬೆರಳಿನ ಗೆಣ್ಣು ಸಿಗುತ್ತದೆ. ಕೋದಂಡರಾಮಪ್ಪ ಒಂದು ಜನ್ಮದ ಒಗೆತವನ್ನು ಒಂದು ಗಳಿಗೆಯಲ್ಲಿ ಮುಗಿಸಲು ಹೊರಟಿದ್ದ. ಸೋಪು ಹಚ್ಚಿದ, ಉಜ್ಜಿದ, ಕುಕ್ಕಿದ, ಹಿಂಡಿದ, ಮತ್ತೆ ಸೋಪು ಹಚ್ಚಿದ. ನೊರೆ ಮೊಣಕೈ ದಾಟಿತು. ವಠಾರದ ಹೆಂಗಸರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಬಂದು ನಿಂತರು. ಗಂಡಸು ಬಟ್ಟೆ ಒಗೆಯುವುದನ್ನು ಅವರು ನೋಡಿದ್ದರು. ಇಷ್ಟು ಚಿಕ್ಕದನ್ನು ಇಷ್ಟು ದ್ವೇಷದಿಂದ ಒಗೆಯುವುದನ್ನು ನೋಡಿರಲಿಲ್ಲ.

ಗಂಗರತ್ನಮ್ಮನೂ ಬಂದಳು. “ಏನು ರಾಮಪ್ಪಾ ಅದು, ಕರ್ಚೀಫಾ?”

“ಹೂಂ.”

“ಇಷ್ಟೊಂದು ಕೊಳೇನಾ? ಮೂಗು ಒರೆಸಿದ್ಯೋ, ಲಾರಿ ಒರೆಸಿದ್ಯೋ? ತಾ ಇಲ್ಲಿ, ಗಂಡಸರ ಕೈಗೆ ಎಲ್ಲಿ ಬರುತ್ತೆ. ನಾನು ಒಗೆದುಕೊಡ್ತೀನಿ.”

ಕೋದಂಡರಾಮಪ್ಪ ನೊರೆಯ ಮುಷ್ಟಿಯನ್ನು ಎದೆಗೆ ಒತ್ತಿಕೊಂಡ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ತಲೆ ಅಡ್ಡಡ್ಡ ಆಡಿತು. “ಬೇಡಮ್ಮಾ. ಇದು ಆಫೀಸಿಂದು.”

“ಆಫೀಸಿನೋರು ಕರ್ಚೀಫೂ ಕೊಡ್ತಾರಾ?” ಗಂಗರತ್ನಮ್ಮ ನೆರೆದ ಹೆಂಗಸರ ಕಡೆ ತಿರುಗಿದಳು. “ಅದಕ್ಕೇ ನೋಡ್ರೇ, ಸರ್ಕಾರಿ ಕೆಲಸದೋರಿಗೇ ಹೆಣ್ಣು ಕೊಡಬೇಕು ಅನ್ನೋದು.” ಆಮೇಲೆ, ಸಂಜೆಗೆ ಸಿದ್ಧವಾಗಬೇಕೆಂದು ಒಳಗೆ ಹೋದಳು.

ಬಿಸಿನೀರಿನ ಚೊಂಬನ್ನು ಬಟ್ಟೆಯ ಮೇಲೆ ಒತ್ತಿ ಒತ್ತಿ ಒಣಗಿಸಿ ಹಜೀರಾಳ ಮುಂದೆ ಇಟ್ಟಾಗ ಅದು ನಿಜಕ್ಕೂ ಹಳೆಯದಾಗಿತ್ತು. ಕೋದಂಡರಾಮಪ್ಪನೂ ಸ್ವಲ್ಪ ಆಗಿದ್ದ. ಅವಳು ಕೆನ್ನೆಗೆ ಒತ್ತಿ ನೋಡಿಕೊಂಡು, “ಈಗ ಮಗೂಗೆ ಆಗ್ತೈತೆ,” ಎಂದಳು. ರಟ್ಟಿಗೆ ಸುತ್ತಿ, ಐದು ಪಕ್ಕ ಹೊಲಿದು, ಸಂದಿಯಿಂದ ರಟ್ಟನ್ನು ಮೆಲ್ಲಗೆ ಎಳೆದು ತೆಗೆದು, ಆರನೆಯ ಪಕ್ಕವನ್ನು ಮುಚ್ಚಿ ಗಂಟು ಹಾಕಿದಳು. “ಇನ್ನು ಬಿಚ್ಚೋ ಮಾತೇ ಇಲ್ಲ. ಯಾರದು ಇದು?”

“ಯಾರದೂ ಅಲ್ಲ,” ಎಂದ ಕೋದಂಡರಾಮಪ್ಪ, ಹೆಮ್ಮೆಯಿಂದ.

ಬಸ್ಸು ಬಂತು. ಹೆಂಡತಿ ಭಾರತಮ್ಮ, ಅವಳ ಕಂಕುಳಲ್ಲಿ ಮಗಳು, ಹಿಂದೆ ಮಾವಿನಕಾಯಿಯ ಚೀಲದೊಂದಿಗೆ ವೆಂಕಟರತ್ನಮ್ಮ ಇಳಿದರು. ದಾರಿಯಲ್ಲಿ ಭಾರತಮ್ಮ ಮೆಲ್ಲಗೆ ಕೇಳಿದಳು: “ರೀ, ಬೊಂತೇಲಿ ನನ್ನ ಸೀರೇದು ಎಲ್ಲಿ ಹಾಕ್ಸಿದೀರಿ?”

ಅರ್ಧ ಊರಿನ ಬಟ್ಟೆ ಬೇಡಿದ್ದರು. ಶಿರಸ್ತೇದಾರರ ಪಂಚೆಯೂ ಅಂಚಿನಲ್ಲಿತ್ತು. ಹೆತ್ತವಳನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ‘ಎಲ್ಲಿ’ ಎಂಬ ಪ್ರಶ್ನೆಗೂ ಕೋದಂಡರಾಮಪ್ಪ ತಲೆಯಾಡಿಸಿದ.

ಸಂಜೆ ದೀಪ ಹಚ್ಚಿ, ತೊಟ್ಟಿಲಿಗೆ ಹೂ ಸುತ್ತಿ, ಬೊಂತೆ ಹಾಸಿದರು. ದೊಡ್ಡಮುನಿಯಮ್ಮ ಒಂದು ಕಡೆಯಿಂದ ಬಗ್ಗಿದಳು, ವೆಂಕಟರತ್ನಮ್ಮ ಇನ್ನೊಂದು ಕಡೆಯಿಂದ. ಚೆಂಗಾವಿ ಇರಲಿಲ್ಲ. ನೀಲಿ ಇರಲಿಲ್ಲ. ಇಬ್ಬರೂ ಒಟ್ಟಿಗೆ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿಕೊಂಡು, ಆಮೇಲೆ ಕೋದಂಡರಾಮಪ್ಪನನ್ನು ನೋಡಿದರು.

“ಇದ್ಯಾರ್ದಲಾ?” ಎಂದಳು ತಾಯಿ.

“ಯಾರದೂ ಅಲ್ಲಮ್ಮ. ನಿಂದು ಹಾಕಿದ್ರೆ ಅವರಿಗೆ ಬೇಜಾರು, ಅವರದು ಹಾಕಿದ್ರೆ ನಿಂಗೆ ಬೇಜಾರು. ಅದಕ್ಕೆ ಯಾರದೂ ಬೇಡ ಅಂತ…” ಅವನು ಅಶ್ವತ್ಥಪ್ಪನ ಮಾತನ್ನು ತನ್ನದೇ ಎಂಬಂತೆ ಹೇಳಿದ. “ಮಗೂಗೆ ಅದರದ್ದೇ ಗುಣ ಬರ್ಲಿ.”

ದೊಡ್ಡಮುನಿಯಮ್ಮ ಮನಸ್ಸಿನಲ್ಲೇ ತಕ್ಕಡಿ ಹಿಡಿದಳು. ತನ್ನದಿಲ್ಲವೆಂಬುದು ನೋವಿನ ಮಾತು. ಬೀಗಿತ್ತಿಯದೂ ಇಲ್ಲವೆಂಬುದು ಸಮಾಧಾನದ ಮಾತು. ಸಮಾಧಾನ ನೋವಿಗಿಂತ ಒಂದು ತೂಕ ಹೆಚ್ಚು ಬಂತು. “ಹೋಗ್ಲಿ ಬಿಡು, ಒಳ್ಳೇ ಬುದ್ಧೀನೇ,” ಎಂದಳು. ವೆಂಕಟರತ್ನಮ್ಮ ಮಗುವಿಗೆ, “ಪುಟ್ಟೀ, ನಿಮ್ಮ ನಾಯ್ನ ಬಂಗಾರದಂಥವರಮ್ಮಾ,” ಎಂದಳು. ಇಬ್ಬರೂ ಒಂದೊಂದು ಕಡೆ ತೊಟ್ಟಿಲ ಹಗ್ಗ ಹಿಡಿದು ತೂಗಿದರು. ಬಾಗಿಲಲ್ಲಿ ಬೋಂಡ ತಿನ್ನುತ್ತಿದ್ದ ಮುನಿಯಲ್ಲಪ್ಪನೂ ಹಜೀರಾಳೂ ನಕ್ಕರು. ಬೆಳಗಿನಿಂದ ಹಸಿದಿದ್ದ ಕೋದಂಡರಾಮಪ್ಪ ಮೊದಲ ಬೋಂಡಕ್ಕೆ ಕೈ ಹಾಕಿದ.

ಆಗ ಗಂಗರತ್ನಮ್ಮ ಬಂದಳು. ವಠಾರದ ಯಜಮಾನಿ ಕರೆದ ಕೂಡಲೇ ಬರುವವಳಲ್ಲ, ಎಲ್ಲರೂ ಸೇರಿದ ಮೇಲೆ ಬರುವವಳು. ರೇಷ್ಮೆ ಸೀರೆ, ಮುಡಿತುಂಬ ಕನಕಾಂಬರ, ಅಂದೇ ಮೊದಲು ತೊಟ್ಟ ಹೊಸ ರವಿಕೆ. ಸೀದಾ ತೊಟ್ಟಿಲ ಬಳಿ ಬಂದು, “ಎಲ್ಲಿ ನನ್ನ ಬಂಗಾರಿ,” ಎನ್ನುತ್ತ ಮಗುವನ್ನು ಎತ್ತಿಕೊಂಡಳು.

ಮಗುವಿನ ಕೆಳಗೆ ಬೊಂತೆಯ ನಡು ಕಂಡಿತು: ಗಿಳಿಹಸಿರು, ಸಾಸಿವೆಕಾಳಿನ ಚುಕ್ಕೆ.

ಮಗುವಿನ ಬೆನ್ನಿಗೆ ಆಸರೆಯಾಗಿ ಗಂಗರತ್ನಮ್ಮನ ತೋಳು ಕಂಡಿತು: ಗಿಳಿಹಸಿರು, ಸಾಸಿವೆಕಾಳಿನ ಚುಕ್ಕೆ.

ದೊಡ್ಡಮುನಿಯಮ್ಮ ತೋಳನ್ನು ನೋಡಿದಳು, ಬೊಂತೆಯನ್ನು ನೋಡಿದಳು, ಮತ್ತೆ ತೋಳನ್ನು ನೋಡಿದಳು. “ರವಿಕೆ ಬಟ್ಟೆ ಎಲ್ಲಿ ತಗೊಂಡ್ರಿ ಗಂಗರತ್ನಮ್ಮಾ?” ಎಂದಳು, ಬಹಳ ಮೆಲ್ಲಗೆ.

“ಇದಾ? ನನ್ನ ತಮ್ಮ ಮದ್ರಾಸಿಂದ ತಂದುಕೊಟ್ಟಿದ್ದು. ಕೋಲಾರ ಜಿಲ್ಲೇಲಿ ಇನ್ನೊಬ್ಬರ ಮೈಮೇಲೆ ನೋಡಿದ್ರೆ ಹೇಳಿ!” ಎಂದು ಗಂಗರತ್ನಮ್ಮ ತೊಟ್ಟಿಲೊಳಕ್ಕೆ ಕಣ್ಣು ಹಾಯಿಸಿದಳು.

“ಅಯ್ಯಯ್ಯೋ, ನನ್ನ ತೋಳು! ಬಟ್ಟೆ ಸಾಲ್ಲಿಲ್ಲ, ಅದಕ್ಕೇ ಗಿಡ್ಡ ತೋಳಿಟ್ಟೆ ಅಂದ್ನಲ್ಲ ಆ ಮುನಿಯಲ್ಲಪ್ಪ! ಎಲ್ಲಿ ಅವನು?”

ಬಾಗಿಲಲ್ಲಿ ಬೋಂಡದ ತಟ್ಟೆ ಮಾತ್ರ ಇತ್ತು.

ಗಂಗರತ್ನಮ್ಮ ಇನ್ನೊಮ್ಮೆ ಕೂಗಲು ಉಸಿರು ತೆಗೆದುಕೊಂಡಳು. ಆದರೆ ಕೂಗು ಬರಲಿಲ್ಲ. ಕಣ್ಣು ಮತ್ತೆ ಬೊಂತೆಯ ಕಡೆ ಹೋಗಿ, ಅಲ್ಲೇ ನಿಂತುಬಿಟ್ಟಿತು. ತನ್ನ ಬಟ್ಟೆ. ನಡುವಿನಲ್ಲಿ.

“ರಾಮಪ್ಪಾ… ನನ್ನ ಹಳೇ ನೇರಳೆ ಸೀರೆ ನಡೂಕೆ ಚೆನ್ನಾಗಿ ಕಾಣಲ್ಲ ಅಂತ, ದರ್ಜಿ ಹತ್ರಾನೇ ಹೋಗಿ, ನಂಗೂ ಹೇಳ್ದೆ, ನನ್ನ ಹೊಸ ರವಿಕೇದೇ ತಂದು ಹಾಕ್ಸಿದ್ಯೇನಪ್ಪಾ? ಮಧ್ಯಾಹ್ನ ಮುಷ್ಟೀಲಿ ಮುಚ್ಚಿಟ್ಟುಕೊಂಡು ಒಗೀತಿದ್ದಿದ್ದು ಇದನ್ನೇನಾ?”

ಇಡೀ ಮನೆ ಕೋದಂಡರಾಮಪ್ಪನ ತಲೆಯನ್ನು ನೋಡಿತು. ಅವನೂ ಅದನ್ನು ತಡೆದು ನಿಲ್ಲಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಎದುರಿಗೆ ಕಣ್ಣೀರು ತುಂಬಿದ ಹೆಂಗಸು, ಅವಳ ಎದೆಗೊರಗಿ ಕನಕಾಂಬರ ಕೀಳುತ್ತಿದ್ದ ತನ್ನ ಮಗಳು. ತಲೆ ಆಡಿತು.

“ಯಾರದೂ ಅಲ್ಲ ಅಂದ್ಯಲ್ಲೋ!” ಎಂದಳು ದೊಡ್ಡಮುನಿಯಮ್ಮ.

“ಪುಟ್ಟೀ,” ಎಂದಳು ವೆಂಕಟರತ್ನಮ್ಮ, “ನಿಮ್ಮ ನಾಯ್ನಂಗೆ ಇನ್ನ ನಾವೇನೂ ಹೇಳೋದು ಬೇಡಮ್ಮಾ.”

ಭಾರತಮ್ಮ ಇಡೀ ಬೊಂತೆಯನ್ನು ಅಂಚಿನಿಂದ ಅಂಚಿಗೆ ಆಗಲೇ ಹುಡುಕಿ ಮುಗಿಸಿದ್ದಳು. “ನಂದು ಎಲ್ಲೂ ಇಲ್ಲ,” ಎಂದಷ್ಟೇ ಹೇಳಿದಳು.

“ಬಿಚ್ಚಮ್ಮಾ ಅದನ್ನ!” ಎಂದು ಬೀಗಿತ್ತಿಯರಿಬ್ಬರೂ ಒಂದೇ ಕಂಠದಲ್ಲಿ ಹಜೀರಾಳಿಗೆ ಹೇಳಿದರು. ಮಕ್ಕಳ ಮದುವೆಯಾದಾಗಿನಿಂದ ಅವರಿಬ್ಬರೂ ಒಂದೇ ಮಾತನ್ನು ಹೇಳಿದ್ದು ಅದೇ ಮೊದಲು.

“ರಟ್ಟು ತೆಗೆದಾಯ್ತಮ್ಮಾ,” ಎಂದಳು ಹಜೀರಾ. “ಇನ್ನು ಬಿಚ್ಚೋಕಾಗಲ್ಲ.”

“ಬಿಚ್ಚೋರು ಬನ್ನಿ, ನೋಡ್ತೀನಿ,” ಎಂದು ಗಂಗರತ್ನಮ್ಮ ಮಗುವನ್ನು ಗಿಳಿಹಸಿರಿನ ಮೇಲೆ ಮತ್ತೆ ಮಲಗಿಸಿ, ತೊಟ್ಟಿಲ ಪಕ್ಕದಲ್ಲೇ ಚಕ್ಕಂಬಕ್ಕಲ ಹಾಕಿ ಕೂತಳು. ಮಗು ಒಮ್ಮೆ ಸೂರು ಹಾರಿಹೋಗುವ ಹಾಗೆ ಕಿರುಚಿ, ಎಲ್ಲರೂ ತಿರುಗಿ ನೋಡಿದ ಮೇಲೆ ತೃಪ್ತಿಯಿಂದ ನಿದ್ದೆ ಹೋಯಿತು.

ತಾಯಿ, ಅತ್ತೆ, ಹೆಂಡತಿ ಮೂವರೂ ಅಡುಗೆಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು.

ಆ ದಿನ ಕೋದಂಡರಾಮಪ್ಪ ಊಟ ಮಾಡಿದ್ದು ಗಂಗರತ್ನಮ್ಮನ ಮನೆಯಲ್ಲಿ. ಮುದ್ದೆ, ಬಸ್ಸಾರು.